ಸುಸ್ಥಿರ ರಸಾಯನದ ಪಿಎಚ್‌ಡಿಗೆ ಪ್ರಶಸ್ತಿ: ಅರ್ಜಿ ಗಟ್ಟಿಯಾಗಿ ಸಿದ್ಧಪಡಿಸುವುದು ಹೇಗೆ?

ಪಿಎಚ್‌ಡಿ ಮುಗಿಸಿದವರು, ಮುಗಿಸುವ ಹಂತದಲ್ಲಿರುವವರು, ಅವರ ಗೈಡ್‌ಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ನಮ್ಮ ಕೆಲಸ ಹಸಿರು ರಸಾಯನಕ್ಕೆ ಸೇರಿದ್ದು, ಒಳ್ಳೆಯ ಪತ್ರಿಕೆಗಳಲ್ಲಿ ಬಂದಿದೆ. ಆದರೂ ಅರ್ಜಿ ಮೊದಲ ಸುತ್ತು ದಾಟುವುದಿಲ್ಲ, ಯಾಕೆ?" ಹಸಿರು ರಸಾಯನ ಎಂದರೆ ತ್ಯಾಜ್ಯ, ವಿಷ ಕಡಿಮೆಯಾಗುವಂತೆ ಮಾಡುವ ರಸಾಯನ. ಬಹಳಷ್ಟು ಸಲ ಕೆಲಸ ಚೆನ್ನಾಗಿಯೇ ಇರುತ್ತದೆ. ಅರ್ಜಿಯಲ್ಲಿ "ಪರಿಸರಸ್ನೇಹಿ" ಎಂಬ ಮಾತು ಹತ್ತು ಕಡೆ ಇರುತ್ತದೆ, ಯಾವುದಕ್ಕಿಂತ ಪರಿಸರಸ್ನೇಹಿ ಎನ್ನುವುದು ಮಾತ್ರ ಒಂದು ಕಡೆಯೂ ಇರುವುದಿಲ್ಲ. ತೀರ್ಪುಗಾರರು ಮೊದಲು ಹುಡುಕುವುದು ಆ ಹೋಲಿಕೆಯನ್ನು. ಕೆಳಗಿನ ಹಂತಗಳೆಲ್ಲ ಅದನ್ನು ಲೆಕ್ಕದ ಸಮೇತ ತೋರಿಸುವುದಕ್ಕಾಗಿ ಇವೆ. ಇಲಾಖೆಯ ಉತ್ತಮ ಮಹಾಪ್ರಬಂಧ ಆರಿಸುವ ಸಮಿತಿಯಲ್ಲಿ ಕೂರುವವರಿಗೂ ಇದೇ ಕ್ರಮ ಉಪಯೋಗಕ್ಕೆ ಬರುತ್ತದೆ.

ಮೊದಲು ಕೈಯಲ್ಲಿ ಇರಬೇಕಾದದ್ದು

ಲ್ಯಾಬ್ ನೋಟ್‌ಬುಕ್ ಬೇಕು. ಪ್ರಕಟವಾದ ಪ್ರಬಂಧದ ಪಿಡಿಎಫ್ ಸಾಲದು. ಕ್ರಿಯೆ ಮುಗಿದ ಮೇಲೆ ಎಷ್ಟು ಈಥೈಲ್ ಅಸಿಟೇಟ್ ಸುರಿದಿರಿ, ಕಾಲಮ್‌ಗೆ, ಅಂದರೆ ಉತ್ಪನ್ನವನ್ನು ಶುದ್ಧಗೊಳಿಸುವ ಕೊಳವೆಗೆ, ಎಷ್ಟು ಸಿಲಿಕಾ ಹಾಕಿದಿರಿ ಎನ್ನುವುದು ಪ್ರಬಂಧದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಲೆಕ್ಕಕ್ಕೆ ಅದೇ ಮುಖ್ಯ. ಜೊತೆಗೆ ಒಂದು ಸ್ಪ್ರೆಡ್‌ಶೀಟ್, ಬಳಸಿದ ಪ್ರತಿ ರಾಸಾಯನಿಕದ ಸುರಕ್ಷತಾ ಮಾಹಿತಿ ಹಾಳೆ, ಪದವಿ ಪೂರೈಸಿದ ದಿನಾಂಕದ ದಾಖಲೆ, ಮತ್ತು ಹಿಂದೆ ಅದೇ ಅಣುವನ್ನು ಬೇರೆಯವರು ಮಾಡಿದ ವಿಧಾನದ ಪೂರ್ಣ ಪ್ರಾಯೋಗಿಕ ವಿವರ. ಈ ಕೊನೆಯದು ಇಲ್ಲದಿದ್ದರೆ ಹೋಲಿಕೆಯೇ ಹುಟ್ಟುವುದಿಲ್ಲ. ಕೊನೆಯ ದಿನಾಂಕಕ್ಕೆ ಎರಡು ತಿಂಗಳು ಇರುವಾಗಲೇ ಶುರು ಮಾಡಿ.

1. ಪ್ರಶಸ್ತಿ ಆರಿಸಿ, ಅರ್ಹತೆಯ ಸಾಲನ್ನು ಎರಡು ಸಲ ಓದಿ

ಪ್ರಶಸ್ತಿಗಳಲ್ಲಿ ಮೂರು ಬಗೆ. ಒಂದು, ನಿಮ್ಮದೇ ಸಂಸ್ಥೆಯ ಉತ್ತಮ ಮಹಾಪ್ರಬಂಧ ಪದಕ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಈ ಪದ್ಧತಿ ಇದೆ. ಎರಡು, ಇಡೀ ರಸಾಯನಶಾಸ್ತ್ರಕ್ಕೆ ತೆರೆದಿರುವ ಅಂತರರಾಷ್ಟ್ರೀಯ ಪ್ರಶಸ್ತಿ. ಐಯುಪ್ಯಾಕ್, ಅಂದರೆ ಶುದ್ಧ ಮತ್ತು ಅನ್ವಯಿಕ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ, ಸಾಲ್ವೇ ಕಂಪನಿಯ ಹೆಸರಿನೊಂದಿಗೆ ಯುವ ರಸಾಯನಶಾಸ್ತ್ರಜ್ಞರಿಗೆ ಕೊಡುವುದು ಇಂಥದ್ದು. ಅಲ್ಲಿ ಮಹಾಪ್ರಬಂಧವನ್ನೇ ಕಳಿಸುವುದಿಲ್ಲ. ಅದರ ಸಾರವನ್ನು 1000 ಪದ ಮೀರದ ಇಂಗ್ಲಿಷ್ ಪ್ರಬಂಧವಾಗಿ ನೀವೇ ಬರೆಯಬೇಕು. ಮೂರು, ಹಸಿರು ರಸಾಯನಕ್ಕೇ ಮೀಸಲಾದವು. ಮೂರನೆಯ ಬಗೆಯಲ್ಲಿ ಪರಿಸರದ ಲೆಕ್ಕ ಇಲ್ಲದ ಅರ್ಜಿ ನಿಲ್ಲುವುದೇ ಇಲ್ಲ. ಎರಡನೆಯದರಲ್ಲಿ ರಸಾಯನಶಾಸ್ತ್ರದ ಹೊಸತನ ಮೊದಲು, ಲೆಕ್ಕ ಅದಕ್ಕೆ ಬೆಂಬಲ.

ಇಲ್ಲಿ ಹೆಚ್ಚು ಜನ ಎಡವುವುದು ದಿನಾಂಕದಲ್ಲಿ. "ಹಿಂದಿನ ಕ್ಯಾಲೆಂಡರ್ ವರ್ಷದಲ್ಲಿ ಪಿಎಚ್‌ಡಿ ಪಡೆದವರು ಅಥವಾ ಅದರ ಎಲ್ಲ ಅಗತ್ಯಗಳನ್ನು ಪೂರೈಸಿದವರು" ಎಂಬರ್ಥದ ನಿಯಮ ಇದ್ದರೆ, ವೈವಾ ಮುಗಿದು ಅಧಿಸೂಚನೆ ಬಂದ ದಿನ ಲೆಕ್ಕಕ್ಕೆ ಬರುತ್ತದೆ. ನಮ್ಮಲ್ಲಿ ಘಟಿಕೋತ್ಸವ ಒಂದು ವರ್ಷ ತಡವಾಗುವುದು ಸಾಮಾನ್ಯ. ಘಟಿಕೋತ್ಸವಕ್ಕೆ ಕಾದು ಕೂತರೆ ಅರ್ಹತೆ ಕಳೆದುಹೋಗಬಹುದು. ಕುಲಸಚಿವರ ಕಚೇರಿಯಿಂದ ತಾತ್ಕಾಲಿಕ ಪ್ರಮಾಣಪತ್ರ ತೆಗೆದಿಟ್ಟುಕೊಳ್ಳಿ.

2. ನಿಮ್ಮ ದಾವೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

ದಾವೆ ಎಂದರೆ ಇಲ್ಲಿ, ನೀವು ಸಾಧಿಸಿದ್ದು ಇದು ಎಂಬ ಹೇಳಿಕೆ. ವಾಕ್ಯದಲ್ಲಿ ಮೂರು ಅಂಶ ಇರಲಿ: ಏನು ಮಾಡಿದಿರಿ, ಯಾವ ಹಳೆಯ ವಿಧಾನದ ಬದಲಿಗೆ, ಎಷ್ಟು ವ್ಯತ್ಯಾಸವಾಯಿತು. ಪಠ್ಯಪುಸ್ತಕದ ಮಾದರಿ ನೋವು ನಿವಾರಕ ಐಬುಪ್ರೊಫೆನ್. ಬೂಟ್ಸ್ ಕಂಪನಿಯ ಹಳೆಯ ದಾರಿ ಆರು ಹಂತದ್ದು, ಪರಮಾಣು ಮಿತವ್ಯಯ (ಕ್ರಿಯಾಕಾರಿಗಳ ಎಷ್ಟು ಪಾಲು ಉತ್ಪನ್ನದೊಳಗೆ ಉಳಿಯಿತು ಎಂಬ ಅಳತೆ) ಸುಮಾರು 40%; ಬಿಎಚ್‌ಸಿ ಕಂಪನಿಯ ಹೊಸ ದಾರಿ ಮೂರು ಹಂತದ್ದು, ಸುಮಾರು 77%. ಇದಕ್ಕೆ 1997ರಲ್ಲಿ ಅಮೆರಿಕದ ಅಧ್ಯಕ್ಷೀಯ ಹಸಿರು ರಸಾಯನ ಪ್ರಶಸ್ತಿ ಬಂತು. ನಿಮ್ಮ ವಾಕ್ಯವೂ ಇಷ್ಟು ಬಿಗಿಯಾಗಿರಬೇಕು.

ಹೋಲಿಕೆಗೆ ಆರಿಸುವ ಹಳೆಯ ವಿಧಾನ ಇಂದಿಗೂ ಬಳಕೆಯಲ್ಲಿರುವ ಅತ್ಯುತ್ತಮ ವಿಧಾನವೇ ಆಗಿರಲಿ. ಯಾರೂ ಬಳಸದ ಹಳೆಯ, ಕೊಳಕು ವಿಧಾನವೊಂದನ್ನು ಎದುರಿಗೆ ನಿಲ್ಲಿಸಿ ಗೆದ್ದರೆ ಆ ಕ್ಷೇತ್ರ ಬಲ್ಲ ತೀರ್ಪುಗಾರರಿಗೆ ತಕ್ಷಣ ಗೊತ್ತಾಗುತ್ತದೆ, ಆಮೇಲೆ ಉಳಿದ ಪುಟಗಳನ್ನೂ ಅನುಮಾನದಿಂದಲೇ ಓದುತ್ತಾರೆ.

ಪಾಲ್ ಅನಾಸ್ಟಸ್ ಮತ್ತು ಜಾನ್ ವಾರ್ನರ್ 1998ರಲ್ಲಿ ಕೊಟ್ಟ ಹಸಿರು ರಸಾಯನದ ಹನ್ನೆರಡು ತತ್ವಗಳ ಪಟ್ಟಿ ಹಿಡಿದು "ನಮ್ಮ ಕೆಲಸ ಒಂಬತ್ತಕ್ಕೆ ಹೊಂದುತ್ತದೆ" ಎಂದು ಟಿಕ್ ಹಾಕುವ ರೂಢಿ ಇದೆ. ದಯವಿಟ್ಟು ಬಿಡಿ. ಎರಡು ತತ್ವಗಳನ್ನು ಆರಿಸಿ, ಆಳವಾಗಿ ತೋರಿಸಿ. ಯಾವ ತತ್ವದಲ್ಲಿ ನಿಮ್ಮ ವಿಧಾನ ಹಿಂದೆ ಬಿದ್ದಿದೆ ಎಂಬುದನ್ನೂ ಒಂದು ಸಾಲಿನಲ್ಲಿ ಹೇಳಿ.

3. ಅಳತೆಗೋಲುಗಳನ್ನು ಗಡಿ ಹೇಳಿ ಲೆಕ್ಕ ಹಾಕಿ

ಇಡೀ ಅರ್ಜಿಯ ಬೆನ್ನೆಲುಬು ಇದು, ಸಮಯ ಕೊಡಿ. ಬೇಕಾದ ಅಳತೆಗಳು ಮೂರೇ.

ಪರಮಾಣು ಮಿತವ್ಯಯ: ಸಮೀಕರಣದಲ್ಲಿರುವ ಕ್ರಿಯಾಕಾರಿಗಳ ಒಟ್ಟು ಅಣುತೂಕದಲ್ಲಿ ಎಷ್ಟು ಪಾಲು ಉತ್ಪನ್ನದೊಳಗೆ ಉಳಿಯಿತು ಎಂಬ ಶೇಕಡಾವಾರು. ಬ್ಯಾರಿ ಟ್ರಾಸ್ಟ್ 1991ರಲ್ಲಿ ಮುಂದಿಟ್ಟದ್ದು. ಇದು ಕಾಗದದ ಮೇಲಿನ ಲೆಕ್ಕ; ಇಳುವರಿ, ದ್ರಾವಕ ಯಾವುದೂ ಇದರಲ್ಲಿ ಬರುವುದಿಲ್ಲ.

ಇ-ಫ್ಯಾಕ್ಟರ್: ಒಂದು ಕಿಲೋ ಉತ್ಪನ್ನಕ್ಕೆ ಎಷ್ಟು ಕಿಲೋ ತ್ಯಾಜ್ಯ. ರೋಜರ್ ಶೆಲ್ಡನ್ ಅವರ 1992ರ ಕೊಡುಗೆ. ಅವರ ಪಟ್ಟಿಯಲ್ಲಿ ಭಾರೀ ಪ್ರಮಾಣದ ರಾಸಾಯನಿಕಗಳಿಗೆ 1ಕ್ಕಿಂತ ಕಡಿಮೆಯಿಂದ 5ರವರೆಗೆ, ಔಷಧಗಳಿಗೆ 25ರಿಂದ 100 ಮೀರಿ.

ಪಿಎಂಐ (ಪ್ರೊಸೆಸ್ ಮಾಸ್ ಇಂಟೆನ್ಸಿಟಿ): ಒಂದು ಕಿಲೋ ಉತ್ಪನ್ನಕ್ಕೆ ಒಳಗೆ ಹೋದ ಎಲ್ಲ ವಸ್ತುಗಳ ಒಟ್ಟು ತೂಕ. ಗಡಿ, ಅಂದರೆ ಏನೇನನ್ನು ಎಣಿಕೆಗೆ ತೆಗೆದುಕೊಂಡಿರಿ ಎಂಬುದು, ಒಂದೇ ಆಗಿದ್ದರೆ ಪಿಎಂಐಯಿಂದ 1 ಕಳೆದರೆ ಇ-ಫ್ಯಾಕ್ಟರ್.

ಗಡಿ ಬದಲಾದರೆ ಸಂಖ್ಯೆ ಎಷ್ಟು ಬದಲಾಗುತ್ತದೆ ಎಂದು ತೋರಿಸಲು ಒಂದು ಮಾದರಿ ಲೆಕ್ಕ ಮಾಡೋಣ. ಸುಜುಕಿ ಕಪ್ಲಿಂಗ್, ಅಂದರೆ ಪಲ್ಲೇಡಿಯಂ ಸಹಾಯದಿಂದ ಎರಡು ಆರೊಮ್ಯಾಟಿಕ್ ಉಂಗುರಗಳನ್ನು ಜೋಡಿಸುವ ಕ್ರಿಯೆ. 10 ಮಿಲಿಮೋಲ್ ಪ್ರಮಾಣ.

- 4-ಬ್ರೋಮೊಅನಿಸೋಲ್ 1.87 ಗ್ರಾಂ, ಫೀನೈಲ್‌ಬೊರಾನಿಕ್ ಆಮ್ಲ 1.2 ಪಟ್ಟು ಎಂದರೆ 1.46 ಗ್ರಾಂ, ಪೊಟ್ಯಾಸಿಯಂ ಕಾರ್ಬೊನೇಟ್ 2 ಪಟ್ಟು ಎಂದರೆ 2.76 ಗ್ರಾಂ, ಪಲ್ಲೇಡಿಯಂ ಅಸಿಟೇಟ್ 0.01 ಗ್ರಾಂ. ಒಟ್ಟು 6.1 ಗ್ರಾಂ.
- ದ್ರಾವಕ: ಎಥನಾಲ್ 15 ಮಿ.ಲೀ. (11.8 ಗ್ರಾಂ), ನೀರು 15 ಗ್ರಾಂ.
- ಬೇರ್ಪಡಿಸಲು: ಈಥೈಲ್ ಅಸಿಟೇಟ್ 60 ಮಿ.ಲೀ. (54 ಗ್ರಾಂ), ನೀರು 20 ಗ್ರಾಂ, ಸೋಡಿಯಂ ಸಲ್ಫೇಟ್ 5 ಗ್ರಾಂ.
- ಕಾಲಮ್: ಸಿಲಿಕಾ 60 ಗ್ರಾಂ, ಬಹುಪಾಲು ಹೆಕ್ಸೇನ್ ಇರುವ ದ್ರಾವಕ 600 ಮಿ.ಲೀ. (ಸುಮಾರು 400 ಗ್ರಾಂ).
- ಉತ್ಪನ್ನ 4-ಮೆಥಾಕ್ಸಿಬೈಫೀನೈಲ್, ಇಳುವರಿ 92%, ಎಂದರೆ 1.695 ಗ್ರಾಂ.

ಈಗ ಭಾಗಿಸಿ. ಕ್ರಿಯಾಕಾರಿಗಳನ್ನು ಮಾತ್ರ ಎಣಿಸಿದರೆ ಪಿಎಂಐ 3.6. ಕ್ರಿಯೆಯ ದ್ರಾವಕ ಸೇರಿಸಿದರೆ 19. ಬೇರ್ಪಡಿಸುವ ಹಂತ ಸೇರಿಸಿದರೆ 66. ಕಾಲಮ್ ಸೇರಿಸಿದರೆ 337. ಕ್ರಿಯೆ ಒಂದೇ, ಇಳುವರಿ ಒಂದೇ; ಗಡಿ ಎಲ್ಲಿ ಎಳೆದಿರಿ ಎಂಬುದರ ಮೇಲೆ ಇ-ಫ್ಯಾಕ್ಟರ್ 2.6 ಕೂಡ ಆಗುತ್ತದೆ, 336 ಕೂಡ ಆಗುತ್ತದೆ. "ಇ-ಫ್ಯಾಕ್ಟರ್ 2.6" ಎಂದಷ್ಟೇ ಬರೆದ ಅರ್ಜಿ ನೋಡಿದಾಗ ತೀರ್ಪುಗಾರರು ಕೇಳುವುದು ಇದನ್ನೇ.

ಪರಮಾಣು ಮಿತವ್ಯಯದಲ್ಲೂ ಇದೇ ಕತೆ. ಎರಡು ಕ್ರಿಯಾಕಾರಿಗಳನ್ನಷ್ಟೇ ತೆಗೆದುಕೊಂಡರೆ 60%. ಸಮ ಮೋಲ್ ಕಾರ್ಬೊನೇಟ್ ಸೇರಿಸಿದರೆ 41%. ಕ್ರಿಯೆಗೆ ಬೇಸ್ (ಪ್ರತ್ಯಾಮ್ಲ), ಇಲ್ಲಿ ಈ ಕಾರ್ಬೊನೇಟ್, ಬೇಕೇ ಬೇಕಾದ್ದರಿಂದ ಸೇರಿಸುವುದು ಸರಿ.

ಅದೇ ಉತ್ಪನ್ನ ಘನವಸ್ತು. ಹಾಗಾಗಿ ಈಥೈಲ್ ಅಸಿಟೇಟ್ ಬಿಟ್ಟು 50 ಗ್ರಾಂ ನೀರಿಗೆ ಸುರಿದು, ಸೋಸಿ, 20 ಮಿ.ಲೀ. ಎಥನಾಲ್‌ನಲ್ಲಿ ಮರುಸ್ಫಟಿಕೀಕರಣ ಮಾಡಿದೆವು, ಇಳುವರಿ 84%ಕ್ಕೆ ಇಳಿಯಿತು ಎಂದುಕೊಳ್ಳಿ. ಉತ್ಪನ್ನ 1.55 ಗ್ರಾಂ, ಒಳಹೋದದ್ದು 98.7 ಗ್ರಾಂ, ಪಿಎಂಐ 64. ಇಳುವರಿ ಎಂಟು ಅಂಶ ಕಳೆದುಕೊಂಡು ವಸ್ತುಬಳಕೆ ಐದರಲ್ಲಿ ಒಂದು ಪಾಲಿಗೆ ಇಳಿಯಿತು. ಇಂಥ ಕಡೆ ಸಂಶೋಧನಾರ್ಥಿಗಳು ಕಡಿಮೆ ಇಳುವರಿಯೆಂದು ಹಿಂಜರಿದು ಫಲಿತಾಂಶವನ್ನೇ ಅರ್ಜಿಯಿಂದ ಬಿಡುತ್ತಾರೆ. ಬಿಡಬೇಡಿ, ಅದೇ ನಿಮ್ಮ ಬಲವಾದ ಪುಟ. ಬೀದರಿನಂಥ ಕಡೆ ಬಲ್ಕ್ ಡ್ರಗ್ ತಯಾರಿಸುವ ಎಂಜಿನಿಯರ್ ಕಾಲಮ್ ಇರುವ ವಿಧಾನಕ್ಕಿಂತ ಇದನ್ನೇ ಆರಿಸುತ್ತಾರೆ.

ಆದರೆ ಎಚ್ಚರಿಕೆ ಎರಡು. ಎರಡೂ ದಾರಿಯ ಉತ್ಪನ್ನದ ಶುದ್ಧತೆಯನ್ನು ಒಂದೇ ಎಚ್‌ಪಿಎಲ್‌ಸಿ ವಿಧಾನದಲ್ಲಿ, ಅಂದರೆ ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ವಿಧಾನದಲ್ಲಿ, ಅಳೆಯಿರಿ. ಒಂದು 99%, ಇನ್ನೊಂದು 94% ಆಗಿದ್ದರೆ ಹೋಲಿಕೆ ನಿಲ್ಲುವುದಿಲ್ಲ. ಕಾಲಮ್ ಹಿಡಿದಿಡುತ್ತಿದ್ದ ಪಲ್ಲೇಡಿಯಂ ಈಗ ಹರಳಿನೊಳಗೆ ಉಳಿದಿದೆಯೇ ಎಂದು ಐಸಿಪಿ-ಎಂಎಸ್‌ನಲ್ಲಿ, ಅಂದರೆ ಲೋಹದ ಅತಿ ಸೂಕ್ಷ್ಮ ಪ್ರಮಾಣ ಅಳೆಯುವ ಯಂತ್ರದಲ್ಲಿ, ನೋಡಿ. ಎರಡನೆಯದು, ನೀರಿನ ವಿಷಯ. ಶೆಲ್ಡನ್ ಅವರ ಮೂಲ ಲೆಕ್ಕದಲ್ಲಿ ನೀರು ಸೇರಿರಲಿಲ್ಲ, ಪಿಎಂಐಯಲ್ಲಿ ಸೇರಿಸುತ್ತಾರೆ. ನೀರು ಬಿಟ್ಟರೆ ಮೇಲಿನ 337 ಎನ್ನುವುದು 317 ಆಗುತ್ತದೆ, 64 ಎನ್ನುವುದು 22 ಆಗುತ್ತದೆ. ಎರಡೂ ಸಂಖ್ಯೆ ಕೊಟ್ಟುಬಿಡಿ, ಯಾವುದು ಯಾವುದೆಂದು ಬರೆಯಿರಿ.

ದ್ರಾವಕ ಮರುಬಳಸಿದ್ದೇವೆ ಎನ್ನುವವರು ನಿಜವಾಗಿ ಬಟ್ಟಿ ಇಳಿಸಿ ಅಳೆದ ಪ್ರಮಾಣವನ್ನಷ್ಟೇ ಕಳೆಯಬೇಕು. "90% ಮರಳಿ ಸಿಗುತ್ತದೆಂದು ಭಾವಿಸಿ" ಎಂದು ಕಳೆದರೆ ಅದು ಊಹೆ ಎಂದೇ ಗುರುತು ಹಾಕಿ.

4. ಹೊರೆ ಎಲ್ಲಿಗೆ ಸರಿಯಿತು ಎಂದು ಹುಡುಕಿ

ತೂಕದ ಲೆಕ್ಕಕ್ಕೆ ವಿಷ ಕಾಣಿಸುವುದಿಲ್ಲ. ಒಂದು ಗ್ರಾಂ ಎಥನಾಲ್, ಒಂದು ಗ್ರಾಂ ಕ್ಲೋರೊಫಾರ್ಮ್ ಎರಡೂ ಅದಕ್ಕೆ ಒಂದೇ. ಹಾಗಾಗಿ ಪ್ರತಿ ದ್ರಾವಕದ ಎದುರಿಗೆ, ದ್ರಾವಕಗಳನ್ನು ಅಪಾಯಕ್ಕೆ ತಕ್ಕಂತೆ ವಿಂಗಡಿಸುವ ಕೆಮ್21 ಮಾರ್ಗಸೂಚಿಯ ವರ್ಗ ಬರೆಯಿರಿ. ಅದರಲ್ಲಿ ಎಥನಾಲ್, ಈಥೈಲ್ ಅಸಿಟೇಟ್ ಶಿಫಾರಸಿನ ಸಾಲಿನಲ್ಲಿವೆ; ಹೆಕ್ಸೇನ್ ಅಪಾಯಕಾರಿ ವರ್ಗದಲ್ಲಿದೆ; ಕ್ಲೋರೊಫಾರ್ಮ್, ಡೈಈಥೈಲ್ ಈಥರ್ ಅತ್ಯಂತ ಅಪಾಯಕಾರಿ ವರ್ಗದಲ್ಲಿವೆ. ಎನ್‌ಎಂಪಿ, ಡಿಎಂಎಫ್ ಎಂಬ ದ್ರಾವಕಗಳನ್ನು ಬಳಸಿದ್ದರೆ ಸುಮ್ಮನೆ ದಾಟಬೇಡಿ. ಸಂತಾನೋತ್ಪತ್ತಿಗೆ, ಮುಖ್ಯವಾಗಿ ಗರ್ಭದಲ್ಲಿರುವ ಶಿಶುವಿಗೆ, ಹಾನಿ ಎಂಬ ಕಾರಣಕ್ಕೆ ಯುರೋಪಿನಲ್ಲಿ ಎನ್‌ಎಂಪಿ ಮೇಲೆ 2020ರಿಂದ, ಡಿಎಂಎಫ್ ಮೇಲೆ 2023ರ ಡಿಸೆಂಬರ್‌ನಿಂದ ನಿರ್ಬಂಧಗಳು ಜಾರಿಯಲ್ಲಿವೆ. ಬದಲಿ ಪ್ರಯತ್ನಿಸಿ ಸೋತಿದ್ದರೆ ಆ ಸೋಲಿನ ಕೋಷ್ಟಕವನ್ನೂ ಪೂರಕ ಪುಟದಲ್ಲಿ ಕೊಡಿ.

"ನೀರಿನಲ್ಲಿ ಮಾಡಿದ ಕ್ರಿಯೆ" ಎಂಬ ದಾವೆ ತುಂಬ ಸಾಮಾನ್ಯ. ಆ ನೀರಿನಿಂದ ಉತ್ಪನ್ನ ಎಳೆಯಲು ಮೂರು ಸಲ ಡೈಕ್ಲೋರೊಮೀಥೇನ್ ಹಾಕಿದ್ದರೆ ಲಾಭ ಅಲ್ಲಿಗೇ ಮುಗಿಯಿತು. ಮೇಲಾಗಿ ಲೋಹ ಮತ್ತು ಸಾವಯವ ಬೆರೆತ ಆ ನೀರನ್ನು ಶುದ್ಧಗೊಳಿಸುವ ಹೊಸ ಕೆಲಸ ಹುಟ್ಟುತ್ತದೆ. ಅಯಾನಿಕ್ ದ್ರವಗಳು, ಅಂದರೆ ಕೋಣೆಯ ಉಷ್ಣತೆಗೆ ಹತ್ತಿರದಲ್ಲಿ ದ್ರವವಾಗಿರುವ ಲವಣಗಳು, ಸುಲಭವಾಗಿ ಆವಿಯಾಗುವುದಿಲ್ಲ ನಿಜ. ಆದರೆ ಹಲವು ಜಲಚರಗಳಿಗೆ ವಿಷ, ಅವನ್ನು ತಯಾರಿಸಲೂ ಹಲವು ಹಂತ ಬೇಕು.

ವಿದ್ಯುತ್ ಲೆಕ್ಕವನ್ನೂ ಮರೆಯಬೇಡಿ. ಬೆಳಕಿನಿಂದ ನಡೆಯುವ ಕ್ರಿಯೆಗೆ 40 ವಾಟ್ ಎಲ್ಇಡಿ 24 ಗಂಟೆ ಉರಿದರೆ 0.96 ಯೂನಿಟ್. ಭಾರತದ ವಿದ್ಯುತ್ ಜಾಲದಲ್ಲಿ ಯೂನಿಟ್‌ಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ, 200 ಮಿಲಿಗ್ರಾಂ ಉತ್ಪನ್ನಕ್ಕೆ 670 ಗ್ರಾಂ ಇಂಗಾಲದ ಡೈಆಕ್ಸೈಡ್ ಆಯಿತು. ತಂಪು ಮಾಡುವ ಫ್ಯಾನ್ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಸಣ್ಣ ಪ್ರಮಾಣದ ಪ್ರಯೋಗಾಲಯದ ಸಂಖ್ಯೆ ಕಾರ್ಖಾನೆಗೆ ಹಾಗೇ ಅನ್ವಯಿಸುವುದಿಲ್ಲ ಎಂಬುದು ತೀರ್ಪುಗಾರರಿಗೆ ಗೊತ್ತು. ಸಂಖ್ಯೆ ಕೊಡಿ, ಆ ಮಿತಿಯನ್ನೂ ಹೇಳಿ.

ಪೂರ್ಣ ಜೀವನಚಕ್ರ ವಿಶ್ಲೇಷಣೆ, ಅಂದರೆ ಕಚ್ಚಾವಸ್ತುವಿನಿಂದ ವಿಲೇವಾರಿವರೆಗಿನ ಪರಿಸರ ಹೊರೆಯ ಅಳತೆ, ಕಡ್ಡಾಯವಲ್ಲ. ಮಾಡಿದರೆ ಐಎಸ್‌ಒ 14040 ಮತ್ತು 14044 ಹೇಳುವಂತೆ ಏನನ್ನು ಏಕಮಾನವಾಗಿ ಹಿಡಿದಿರಿ, ಎಲ್ಲಿಂದ ಎಲ್ಲಿಗೆ ಅಳೆದಿರಿ ಎಂಬುದು ಮೊದಲ ಸಾಲಲ್ಲೇ ಬರಬೇಕು. ಅರ್ಧಂಬರ್ಧ ಮಾಡುವುದಕ್ಕಿಂತ ಸ್ವಚ್ಛವಾದ ಪಿಎಂಐ ಸಾಕು.

5. ನಿಯಂತ್ರಣ ಪ್ರಯೋಗಗಳನ್ನು ಮುಂದಿನ ಪುಟಕ್ಕೆ ತನ್ನಿ

ಸುಸ್ಥಿರ ರಸಾಯನದಲ್ಲಿ ದೊಡ್ಡ ದಾವೆಗಳು ಬಿದ್ದಿರುವುದು ಸಣ್ಣ ಕಲ್ಮಶಗಳಿಂದ. 2003ರಲ್ಲಿ ಲೋಹವಿಲ್ಲದ ಸುಜುಕಿ ಕಪ್ಲಿಂಗ್ ಎಂಬ ವರದಿ ಬಂತು. 2005ರಲ್ಲಿ ಅದೇ ಗುಂಪು ಮರುಪರಿಶೀಲಿಸಿ, ಅಂಗಡಿಯಿಂದ ತಂದ ಸೋಡಿಯಂ ಕಾರ್ಬೊನೇಟ್‌ನಲ್ಲಿದ್ದ ಸುಮಾರು 50 ಪಿಪಿಬಿ, ಅಂದರೆ ನೂರು ಕೋಟಿಯಲ್ಲಿ 50 ಪಾಲು, ಪಲ್ಲೇಡಿಯಂ ಇದಕ್ಕೆ ಕಾರಣವಿರಬಹುದೆಂದು ಪ್ರಾಮಾಣಿಕವಾಗಿ ಪ್ರಕಟಿಸಿತು. ಇಷ್ಟಾಗಿಯೂ 2021ರಲ್ಲಿ ಅಮೀನ್‌ನಿಂದಲೇ ಈ ಕ್ರಿಯೆ ನಡೆಯುತ್ತದೆಂಬ ಇನ್ನೊಂದು ದಾವೆ ಪ್ರಕಟವಾಗಿ, ಪಲ್ಲೇಡಿಯಂ ಶೇಷದ ಪಾತ್ರ ಬಯಲಾಗಿ, ಅದೇ ವರ್ಷ ಹಿಂತೆಗೆತವಾಯಿತು.

ನಿಮ್ಮ ದಾವೆಗೆ ತಕ್ಕ ಪರೀಕ್ಷೆ ಇಟ್ಟುಕೊಳ್ಳಿ:

- ಲೋಹರಹಿತ ಎಂದರೆ, ಪ್ರತಿ ಕ್ರಿಯಾಕಾರಿಯ ಐಸಿಪಿ-ಎಂಎಸ್ ವರದಿ, ಹೊಸ ಫ್ಲಾಸ್ಕ್ ಮತ್ತು ಹೊಸ ಮ್ಯಾಗ್ನೆಟಿಕ್ ಬೀಡ್‌ನಲ್ಲಿ ಮಾಡಿದ ಪ್ರಯೋಗ. ಹಳೆಯ ಬೀಡ್‌ನ ಗೀರುಗಳಲ್ಲಿ ಪಲ್ಲೇಡಿಯಂ ಕೂತಿರುತ್ತದೆ.
- ಘನ ಕ್ಯಾಟಲಿಸ್ಟ್ (ವೇಗವರ್ಧಕ) ಎಂದರೆ, ಬಿಸಿ ಸೋಸುವಿಕೆ ಪರೀಕ್ಷೆ: ಕ್ರಿಯೆ ಅರ್ಧಕ್ಕೆ ಬಂದಾಗ ಬಿಸಿಯಲ್ಲೇ ಸೋಸಿ, ಸೋಸಿದ ದ್ರವ ಮುಂದುವರಿಯುತ್ತದೆಯೇ ನೋಡುವುದು.
- ಕ್ಯಾಟಲಿಸ್ಟ್ ಮರುಬಳಕೆ ಎಂದರೆ, ಪ್ರತಿ ಸುತ್ತಿನಲ್ಲೂ 30–40% ಪರಿವರ್ತನೆಯ ಹಂತದಲ್ಲಿ ವೇಗ ಅಳೆಯುವುದು. ಆರು ಸುತ್ತೂ 99% ಎಂಬ ಕಂಬಚಿತ್ರ ಏನನ್ನೂ ಸಾಬೀತು ಮಾಡುವುದಿಲ್ಲ. ಅಗತ್ಯಕ್ಕಿಂತ ಹೆಚ್ಚು ಕ್ಯಾಟಲಿಸ್ಟ್ ಇದ್ದರೆ ಅರ್ಧ ಸತ್ತರೂ 99% ಬರುತ್ತದೆ.
- ಇಂಗಾಲದ ಡೈಆಕ್ಸೈಡ್‌ನಿಂದ ಇಂಧನ ಎಂದರೆ ಕಾರ್ಬನ್-13, ಸಾರಜನಕದಿಂದ ಅಮೋನಿಯಾ ಎಂದರೆ ನೈಟ್ರೋಜನ್-15 ಗುರುತು ಹಾಕಿದ ಅನಿಲದಿಂದ ಮಾಡಿದ ಪ್ರಯೋಗ. ಗಾಳಿ, ಕೈಗವಸು, ಪೊರೆ ಎಲ್ಲದರಲ್ಲೂ ಅಮೋನಿಯಾ ಅಂಶ ಇರಬಹುದು. ಗುರುತಿನ ಅನಿಲವನ್ನೂ ಬಳಸುವ ಮೊದಲು ಶುದ್ಧಗೊಳಿಸಿ.

6. ಸಾರಪ್ರಬಂಧ ಬರೆಯಿರಿ

1000 ಪದದ ಮಿತಿ ಇದ್ದರೆ ಹಂಚಿಕೆ ಹೀಗಿರಲಿ: ಸಮಸ್ಯೆ ಮತ್ತು ಈಗಿನ ವಿಧಾನ 200, ನಿಮ್ಮ ಮುಖ್ಯ ಆಲೋಚನೆ 150, ಸಾಕ್ಷ್ಯ ಮತ್ತು ಲೆಕ್ಕ 400, ಮಿತಿಗಳು 100, ಮುಂದೇನು 150. ಮಹಾಪ್ರಬಂಧದ ಐದು ಅಧ್ಯಾಯಗಳನ್ನು ತಲಾ 200 ಪದದಲ್ಲಿ ಕುಗ್ಗಿಸುವುದು ಅತಿ ಸಾಮಾನ್ಯ ತಪ್ಪು. ಹಾಗೆ ಮಾಡಿದರೆ ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ. ಎರಡು ಅಧ್ಯಾಯ ಹಿಡಿಯಿರಿ, ಉಳಿದವು ಒಂದು ವಾಕ್ಯದಲ್ಲಿ ಹೋಗಲಿ.

ತೀರ್ಪುಗಾರರಲ್ಲಿ ಪಾಲಿಮರ್ ತಜ್ಞರೂ, ಭೌತ ರಸಾಯನಶಾಸ್ತ್ರಜ್ಞರೂ ಇರುತ್ತಾರೆ. ಬರೆದದ್ದನ್ನು ಬೇರೆ ವಿಭಾಗದ ಒಬ್ಬರಿಗೆ ಓದಲು ಕೊಟ್ಟು, ಮುಖ್ಯ ದಾವೆಯನ್ನು ಅವರ ಮಾತಿನಲ್ಲಿ ಕನ್ನಡದಲ್ಲೇ ಹೇಳಲು ಕೇಳಿ. ತಪ್ಪು ಹೇಳಿದರೆ ತಿದ್ದಬೇಕಾದದ್ದು ನಿಮ್ಮ ಬರಹವನ್ನು.

7. ಶಿಫಾರಸು ಪತ್ರಕ್ಕೆ ವಿಷಯ ಒದಗಿಸಿ

"ಶ್ರಮಜೀವಿ, ಸಹೃದಯಿ, ನನ್ನ ಅತ್ಯುತ್ತಮ ವಿದ್ಯಾರ್ಥಿ" ಎಂಬ ಪತ್ರ ನಿಮಗೆ ಸಹಾಯ ಮಾಡುವುದಿಲ್ಲ. ಪತ್ರದಲ್ಲಿ ಬೇಕಾದದ್ದು, ಈ ಕೆಲಸದಲ್ಲಿ ಯಾವ ಆಲೋಚನೆ ವಿದ್ಯಾರ್ಥಿಯದು, ಯಾವುದು ಗುಂಪಿನದು ಎಂಬ ಸ್ಪಷ್ಟ ಮಾತು. ಗೈಡ್‌ಗೆ ಒಂದು ಪುಟದ ಟಿಪ್ಪಣಿ ಕೊಡಿ: ಯಾವ ಪ್ರಯೋಗ ನೀವೇ ಯೋಜಿಸಿದ್ದು, ಯಾವ ಲೆಕ್ಕ ಸಹಲೇಖಕರು ಮಾಡಿದ್ದು, ದಾರಿ ಬದಲಾಯಿಸಿದ ನಿರ್ಧಾರ ಯಾರದು. ಪತ್ರವನ್ನು ನೀವೇ ಬರೆದು ಸಹಿ ಹಾಕಿಸುವ ಪದ್ಧತಿ ಹಲವು ಕಡೆ ಇದೆ; ಮಾಡಬೇಡಿ. ಪತ್ರ ಮತ್ತು ಪ್ರಬಂಧದ ಶೈಲಿ ಒಂದೇ ಆಗಿದ್ದರೆ ಓದುವವರಿಗೆ ತಿಳಿಯುತ್ತದೆ.

ಎರಡನೇ ಪತ್ರ ಸಾಧ್ಯವಾದರೆ ಸಹಲೇಖಕರಲ್ಲದವರಿಂದ ಇರಲಿ. ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ಪಟ್ಟಿ ಮಾಡುವುದು ಬೇಡ. ಸಂಶೋಧನೆಯ ಮೌಲ್ಯಮಾಪನ ಕುರಿತ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆಗೆ ಸಹಿ ಹಾಕಿದ ಸಂಸ್ಥೆಗಳು ಅದನ್ನು ವ್ಯಕ್ತಿಯ ಅಳತೆಗೋಲಾಗಿ ಬಳಸದಿರಲು ಒಪ್ಪಿಕೊಂಡಿವೆ.

8. ಪೇಟೆಂಟ್ ಮತ್ತು ಒಪ್ಪಿಗೆ

ಪ್ರಕಟವಾಗದ, ಪೇಟೆಂಟ್‌ಗೆ ಅರ್ಹವಾದ ಫಲಿತಾಂಶವಿದ್ದರೆ ಮೊದಲು ಪೇಟೆಂಟ್ ಅರ್ಜಿ, ಆಮೇಲೆ ಪ್ರಶಸ್ತಿ ಅರ್ಜಿ. ಭಾರತದಲ್ಲಿ ಸ್ವಂತ ಪ್ರಕಟಣೆಗೂ ಸಾಮಾನ್ಯ ರಿಯಾಯಿತಿ ಅವಧಿ ಇಲ್ಲ. ಕಾನೂನಿನ ವಿನಾಯಿತಿಗಳು ಬಹಳ ಕಿರಿದು. ಮಹಾಪ್ರಬಂಧ ಶೋಧಗಂಗಾ ಭಂಡಾರಕ್ಕೆ ಏರುವ ಮೊದಲೂ ಇದನ್ನೇ ನೋಡಿಕೊಳ್ಳಿ, ಬೇಕಿದ್ದರೆ ತಡೆಹಿಡಿಯುವ ಅವಧಿ ಕೇಳಿ. ಗೆದ್ದ ಪ್ರಬಂಧಗಳನ್ನು ಕೆಲವು ಸಂಸ್ಥೆಗಳು ಪ್ರಕಟಿಸುತ್ತವೆ. ಸಹಲೇಖಕರಿಗೆ ಮೊದಲೇ ತಿಳಿಸಿ, ಇಮೇಲ್ ಒಪ್ಪಿಗೆ ಇಟ್ಟುಕೊಳ್ಳಿ.

9. ಕಳಿಸುವ ಮೊದಲು

ಸ್ಪ್ರೆಡ್‌ಶೀಟ್‌ನ ಪ್ರತಿ ಸಂಖ್ಯೆಯನ್ನೂ ನಿಮ್ಮ ಕೆಲಸ ಗೊತ್ತಿಲ್ಲದ ಜೂನಿಯರ್ ಒಬ್ಬರು ನೋಟ್‌ಬುಕ್‌ನಿಂದ ಮತ್ತೆ ಲೆಕ್ಕ ಹಾಕಲಿ. ಮಿ.ಲೀ.ಯನ್ನು ಸಾಂದ್ರತೆಯಿಂದ ಗುಣಿಸದೆ ಹಾಗೇ ಗ್ರಾಂ ಎಂದು ಕೂಡಿಸಿರುವುದು ಅತಿ ಹೆಚ್ಚು ಸಿಗುವ ತಪ್ಪು. ಹೆಕ್ಸೇನ್‌ನಲ್ಲಿ ಇದು ಮೂರನೇ ಒಂದು ಭಾಗದಷ್ಟು ವ್ಯತ್ಯಾಸ ಮಾಡುತ್ತದೆ. ಸಾರಪ್ರಬಂಧದಲ್ಲಿರುವ ಇಳುವರಿ, ಮಹಾಪ್ರಬಂಧದಲ್ಲಿರುವ ಇಳುವರಿ, ಶಿಫಾರಸು ಪತ್ರದಲ್ಲಿರುವ ಇಳುವರಿ ಮೂರೂ ಒಂದೇ ಇವೆಯೇ ನೋಡಿ. ಪ್ರತಿ ಪಿಎಂಐ ಪಕ್ಕದಲ್ಲಿ ಏನೇನು ಸೇರಿದೆ, ಏನು ಸೇರಿಲ್ಲ ಎಂಬ ಅಡಿಟಿಪ್ಪಣಿ ಇರಲಿ.

ಪದಮಿತಿ ದಾಟಿದ ಪ್ರಬಂಧವನ್ನು ಓದದೆ ಬದಿಗಿಡುವ ಹಕ್ಕು ಸಮಿತಿಗಿದೆ. ಚಿತ್ರದ ವಿವರಣೆ, ಉಲ್ಲೇಖಗಳು ಮಿತಿಯೊಳಗೆ ಬರುತ್ತವೆಯೇ ಎಂದು ಆ ವರ್ಷದ ನಿಯಮದಲ್ಲೇ ಓದಿಕೊಳ್ಳಿ. ಗಡುವು ಸಾಮಾನ್ಯವಾಗಿ ಆಯೋಜಕರ ಊರಿನ ಸಮಯದ್ದು. ಶಿಫಾರಸು ಪತ್ರಗಳು ಪ್ರತ್ಯೇಕವಾಗಿ ಹೋಗುವಂತಿದ್ದರೆ ಅವು ತಲುಪಿದವೇ ಎಂದು ಎರಡು ದಿನ ಮೊದಲೇ ಆಯೋಜಕರಿಗೆ ಬರೆದು ಕೇಳಿ.